ಕೆಮ್ಮಿಗೆ ಗುಲಾಬಿ ಎಣ್ಣೆ

ಎನಿನಾ, ಕಝಾನ್‌ಲಕ್ ಬಳಿ
ಮೇ 24

ಪ್ರೀತಿಯ ಇಸ್ಕ್ರಾ,

ನಿನ್ನ ಪತ್ರ ಈಸ್ಟರ್ ಹಬ್ಬಕ್ಕೂ ಮೊದಲೇ ಬಂದಿತ್ತು. ಓದಿ, ನಕ್ಕು, ಇವತ್ತೇ ಉತ್ತರ ಬರೆಯುತ್ತೇನೆ ಎಂದು ಫ್ರಿಜ್ಜಿನ ಮೇಲಿಟ್ಟೆ. ಅಷ್ಟರಲ್ಲಿ ಬಿಲ್ಯಾನಾಗೆ ಹಲ್ಲು ಬರಲು ಶುರುವಾಯಿತು. ಬಂದಿರುವುದು ಎರಡೇ ಹಲ್ಲು, ಆದರೆ ಮನೆಮಂದಿಗೆಲ್ಲ ಜಾಗರಣೆ. ನನಗಂತೂ ಮಲಗಿದಾಗ ಅದು ನಿದ್ದೆಯೋ ಎಚ್ಚರವೋ ತಿಳಿಯದಂತಾಗಿದೆ. ಮೊನ್ನೆ ಉಪ್ಪಿನ ಡಬ್ಬಿಯನ್ನು ಮಗುವಿನ ಬಟ್ಟೆಗಳ ಜೊತೆ ಒಗೆಯುವ ಮಷೀನಿಗೆ ಹಾಕಿಬಿಟ್ಟಿದ್ದೆ. ತಡವಾದದ್ದಕ್ಕೆ ಬೈಯಬೇಡ. ನಿನ್ನ ಅಮ್ಮನ ಮಂಡಿ ಹೇಗಿದೆ? ಕೋಲು ಹಿಡಿಯಲು ಒಪ್ಪಿದರಾ, ಅಥವಾ ಡಾಕ್ಟರ ಜೊತೆ ಇನ್ನೂ ಜಗಳವೇ?

ಇಲ್ಲಿ ಗುಲಾಬಿ ಬಿಡಿಸುವ ಕಾಲ. ಬಿಸಿಲೇರಿದರೆ ಹೂವಿನಲ್ಲಿ ಎಣ್ಣೆ ಉಳಿಯುವುದಿಲ್ಲವೆಂದು ಅತ್ತೆ ನಸುಕಿಗೇ ತೋಟಕ್ಕೆ ಹೋಗಿರುತ್ತಾರೆ. ನನ್ನ ತಿಹೊಮಿರ್ ಬಸ್ಸು ಓಡಿಸುವ ಪಾಳಿಯನ್ನು ಸಂಜೆಗೆ ಬದಲಾಯಿಸಿಕೊಂಡು, ಬೆಳಗ್ಗೆಯೆಲ್ಲ ಕೊಟ್ಟಿಗೆಯ ಪಕ್ಕದಲ್ಲಿ ಎಣ್ಣೆ ಇಳಿಸುವ ತಾಮ್ರದ ಭಟ್ಟಿಯ ಮುಂದೆ ಕೂತಿರುತ್ತಾನೆ. ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಇಬ್ಬರಿಗೂ ಮೊಸರು, ಬ್ರೆಡ್ಡು ಒಯ್ದು ಕೊಡುತ್ತೇನೆ. ನೋಡಿದವರು ಎಷ್ಟು ಚೆಂದದ ಸಂಸಾರ ಅನ್ನಬೇಕು. ಚೆಂದವೇ. ನನಗೇ ಏನೋ ಆಗಿದೆ.

ನಿನಗೆ ಬರೆಯಲು ಒಂದು ಕಾರಣವಿದೆ, ಇಸ್ಕ್ರಾ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಆಹಾರ ತಂತ್ರಜ್ಞಾನ ಓದಿದೆವು. ನಾನು ಓದಿದ್ದನ್ನೆಲ್ಲ ಹಾಲಿನ ಬಾಟಲಿ ತೊಳೆಯುತ್ತ ಮರೆತೆ. ನೀನು ಪ್ಲೊವ್‌ದಿವ್‌ನಲ್ಲಿ ಬೇಕರಿಗಳಿಗೆ ಪರಿಮಳ ತಯಾರಿಸುವ ಕಾರ್ಖಾನೆಯಲ್ಲಿದ್ದೀಯ. ಈ ವಿಷಯವನ್ನು ನಿನ್ನನ್ನಲ್ಲದೆ ಇನ್ನಾರನ್ನು ಕೇಳಲಿ?

ನಮ್ಮ ಮಾವ ಹೋದದ್ದು ಹೇಗೆಂದು ನಿನಗೆ ನೆನಪಿರಬಹುದು. ಸಿಗರೇಟು. ಕೊನೆಯ ಚಳಿಗಾಲ ಪೂರ್ತಿ ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದರು. ಒರಗಿದರೆ ಉಸಿರು ಕಟ್ಟುತ್ತಿತ್ತು. ಅದನ್ನು ಕಣ್ಣಾರೆ ಕಂಡರೂ ತಿಹೊ ಸೇದುವುದನ್ನು ಬಿಟ್ಟಿರಲಿಲ್ಲ. ನಾನು ಬಸುರಿ ಎಂದು ತಿಳಿದ ವಾರ ಬಿಟ್ಟ. ಅದಕ್ಕೆಂದು ಪೇಟೆಯ ಅಂಗಡಿಯಿಂದ ಇ-ಸಿಗರೇಟು ತಂದು ಅವನ ಕೈಗಿಟ್ಟವಳು ನಾನೇ. ಹೊಗೆಯಿಲ್ಲ, ಬೂದಿಯಿಲ್ಲ, ಬರೀ ಹಬೆ. ಮೊದಮೊದಲು ಪುದೀನದ್ದು ಸೇದುತ್ತಿದ್ದ. ಹಲ್ಲುಜ್ಜುವ ಪೇಸ್ಟನ್ನು ನುಂಗಿದ ಹಾಗಾಗುತ್ತದೆ ಎಂದು ಗೊಣಗುತ್ತಿದ್ದ.

ಆಮೇಲೆ ಅವನಿಗೊಂದು ಹೊಳೆಯಿತು. ಅಂಗಡಿಯಿಂದ ವಾಸನೆಯಿಲ್ಲದ ದ್ರವವನ್ನಷ್ಟೇ ತಂದು, ಅದಕ್ಕೆ ನಮ್ಮದೇ ಭಟ್ಟಿಯ ಗುಲಾಬಿ ಎಣ್ಣೆಯನ್ನು ಬಾಟಲಿಗೊಂದು ತೊಟ್ಟಿನಂತೆ ಬೆರೆಸಿದ. ಅವತ್ತು ಮನೆಯಲ್ಲಿ ಹಬ್ಬವೇ ಆಯಿತು. ಅತ್ತೆ ಆ ಯಂತ್ರವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಯ್ಯೋ, ಇದು ನಮ್ಮ ಭಟ್ಟಿನೇ ಕಣೋ! ಪುಟ್ಟ ಭಟ್ಟಿ. ಒಳಗೆ ಕಾಯುತ್ತೆ, ಹಬೆ ಬಿಡುತ್ತೆ,” ಅಂದರು. ಅಂದಿನಿಂದ ಈ ಮನೆಯಲ್ಲಿ ಅದಕ್ಕೆ ಪುಟ್ಟ ಭಟ್ಟಿ ಎಂದೇ ಹೆಸರು. ಇಲ್ಲಿ ಹೊಟ್ಟೆನೋವಿಗೆ ಸಕ್ಕರೆ ತುಂಡಿನ ಮೇಲೆ ಗುಲಾಬಿ ಎಣ್ಣೆ, ತಲೆನೋವಿಗೆ ಹಣೆಗೆ ಗುಲಾಬಿ ನೀರು, ಅತಿಥಿಗೆ ಗುಲಾಬಿ ದಳದ ಜಾಮು. ಸೇದುವುದಕ್ಕೂ ಗುಲಾಬಿ ಎಂದರೆ ಇವರಿಗೆ ಅದರಲ್ಲಿ ಆಶ್ಚರ್ಯವೇ ಇಲ್ಲ.

ಮಾರ್ಚ್‌ನಿಂದ ತಿಹೊಗೆ ಕೆಮ್ಮು. ಜೋರಾದ ಕೆಮ್ಮಲ್ಲ. ಒಣ ಕೆಮ್ಮು, ಗಂಟಲು ಸರಿಮಾಡಿಕೊಂಡ ಹಾಗೆ, ಆದರೆ ನಿಲ್ಲುವುದಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕಿಟಕಿಯಿಂದ ಏನನ್ನೋ ನೋಡುವವನಂತೆ ನಟಿಸುತ್ತಾನೆ. ಆ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆ ಮಾತ್ರ.

“ಸಿಗರೇಟು ಬಿಟ್ಟೋರಿಗೆಲ್ಲ ಹೀಗೇ ಆಗುತ್ತೆ, ವೆಲ್ಯಾ. ಶ್ವಾಸಕೋಶ ತನ್ನನ್ನ ತಾನೇ ಗುಡಿಸ್ಕೋತಾ ಇದೆ,” ಅನ್ನುತ್ತಾನೆ.

“ವರ್ಷ ದಾಟಿತು. ಇನ್ನೂ ಎಷ್ಟು ಗುಡಿಸುತ್ತೆ?”

“ಕಸ ಎಷ್ಟಿತ್ತು ಅಂತ ನಿನಗೇನು ಗೊತ್ತು!”

ಎಣ್ಣೆಯಿಂದಲೇ ಇರಬಹುದಾ ಎಂದೆ. ಅವನಿಗೆ ಕೋಪ ಬರಲಿಲ್ಲ, ನಗು ಬಂತು. “ನಮ್ಮ ತಾತ ಮೇ ತಿಂಗಳು ಪೂರ್ತಿ ಭಟ್ಟಿ ಮೇಲೆ ಮೂತಿ ಇಟ್ಕೊಂಡು ಕೂತಿರ್ತಿದ್ದ. ತೊಂಬತ್ತೊಂದಕ್ಕೆ ಸತ್ತ. ಅದೂ ಏಣಿಯಿಂದ ಬಿದ್ದು!” ಅದು ನೀರಿನ ಹಬೆ, ಇದು ಕಾದ ತಂತಿಯ ಮೇಲೆ ಅಂಗಡಿ ದ್ರವದ ಗ್ಲಿಸರಿನ್ ಸುಟ್ಟು ಬರುವ ಹಬೆ ಎಂದೆ. “ಹಬೆ ಹಬೆನೇ,” ಅಂದ. ತಾತ ತೊಂಬತ್ತೊಂದು ವರ್ಷ ಬದುಕಿದ್ದೂ ನಿಜವೇ.

ಪೇಟೆಯ ಅಂಗಡಿಯ ಪ್ಲಾಮೆನ್‌ನನ್ನೂ ಕೇಳಿದೆ. ಅವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ, ಗೋಡೆ ತುಂಬ ಬಣ್ಣದ ಬಾಟಲಿಗಳು. ಬಿಸ್ಕತ್ತು, ಕಲ್ಲಂಗಡಿ, ದಾಲ್ಚಿನ್ನಿ, ಹಾಲಿನ ಕೆನೆ. “ಅಕ್ಕಾ, ಇವೆಲ್ಲ ಕೇಕಿಗೆ ಹಾಕೋವು. ಮಗಳ ಹುಟ್ಟುಹಬ್ಬಕ್ಕೆ ನೀವು ಕೇಕ್ ಮಾಡಲ್ವಾ?” ಅಂದ.

“ಮಾಡ್ತೀನಿ. ಆದ್ರೆ ಕೇಕನ್ನ ಸೇದಲ್ಲ.”

“ಸಕ್ಕತ್ ಮಾತು! ಬೋರ್ಡ್ ಮೇಲೆ ಬರೆಸ್ತೀನಿ, ಅಕ್ಕ,” ಎಂದು ನಕ್ಕ. ಬಾಟಲಿಯ ಹಿಂದಿನ ಚೀಟಿ ತಿರುಗಿಸಿ ತೋರಿಸಿದ. ಆಹಾರಕ್ಕೆ ಯೋಗ್ಯ ಎಂದಿತ್ತು. ನಾನೇ ಒಂದು ಕಾಲದಲ್ಲಿ ಪರೀಕ್ಷೆಯಲ್ಲಿ ಅದರ ಅರ್ಥ ವಿವರಿಸಿ ಒಳ್ಳೆಯ ಅಂಕ ತೆಗೆದವಳು. ಈಗ ಆ ಎರಡು ಪದಗಳನ್ನೇ ದಿಟ್ಟಿಸುತ್ತ ನಿಂತಿದ್ದೆ.

ಫೋನಿನಲ್ಲಿ ಹುಡುಕಿದರೆ ಇನ್ನೂ ಗೊಂದಲ. ಒಂದು ಕಡೆ, ಸಿಗರೇಟಿಗಿಂತ ಇದು ಎಷ್ಟೋ ಪಾಲು ಮೇಲು ಎಂದಿದೆ. ಇನ್ನೊಂದು ಕಡೆ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂರುತ್ತದೆ ಎಂದಿದೆ. ಮೂರನೆಯ ಕಡೆ, ಮೊದಲನೆಯದನ್ನು ಬರೆದವರು ದುಡ್ಡು ತಿಂದಿದ್ದಾರೆ ಎಂದಿದೆ. ನಾಲ್ಕನೆಯ ಕಡೆ ಮೂರನೆಯವರ ಮೇಲೂ ಅದೇ ಆರೋಪ. ಬ್ರಸೆಲ್ಸ್‌ನ ಯುರೋಪ್ ಒಕ್ಕೂಟದವರು ಗುಲಾಬಿ ಎಣ್ಣೆಗೇ ಎಚ್ಚರಿಕೆಯ ಚೀಟಿ ಅಂಟಿಸಬೇಕು ಅನ್ನುತ್ತಿದ್ದಾರಂತೆ ಎಂದು ಅತ್ತೆಗೆ ಓದಿ ಹೇಳಿದೆ. “ಅವ್ರಿಗೆ ಗುಲಾಬಿ ಗಿಡ ಯಾವುದು, ಮುಳ್ಳುಗಿಡ ಯಾವುದು ಅಂತ ಗೊತ್ತೇನು?” ಅಂದರು.

ನನಗೆ ತಿಹೊ ಬೇಕು, ಇಸ್ಕ್ರಾ. ಆ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುವ ತಿಹೊ ನನಗೆ ಬೇಡ. ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದನ್ನು ನೀನು ಹೇಳು. ನಿಮ್ಮ ಕಾರ್ಖಾನೆಯಲ್ಲಿ ಯಾರಿಗಾದರೂ ಗೊತ್ತಿರಲೇಬೇಕಲ್ಲ?

ಬಿಲ್ಯಾನಾ ಏಳುತ್ತಿದ್ದಾಳೆ. ನಿಲ್ಲಿಸುತ್ತೇನೆ.

ನಿನ್ನ
ವೆಲಿನಾ


ಎನಿನಾ
ಜೂನ್ 13

ಪ್ರೀತಿಯ ಇಸ್ಕ್ರಾ,

ಇಷ್ಟು ಬೇಗ ಬರೆದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಉತ್ತರವನ್ನು ಓದಿದೆ, ಮಡಚಿಟ್ಟೆ, ಮತ್ತೆ ಓದಿದೆ. “ತಿಂದರೆ ಏನಾಗುತ್ತದೆ ಎಂದು ನಾವು ಪರೀಕ್ಷೆ ಮಾಡುತ್ತೇವೆ. ಉಸಿರಾಡಿದರೆ ಏನಾಗುತ್ತದೆ ಎಂದು ನಮ್ಮನ್ನು ಯಾರೂ ಕೇಳಿಲ್ಲ, ನಾವೂ ಯಾರನ್ನೂ ಕೇಳಿಲ್ಲ” ಎಂದು ಬರೆದಿದ್ದೀಯ. ನಾನು ಉತ್ತರ ಕೇಳಿದರೆ ನೀನು ನನಗೆ ಇನ್ನೊಂದು ಪ್ರಶ್ನೆ ಕಳಿಸಿದೆ. ಬೇಜಾರಿನಿಂದ ಹೇಳುತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದವಳು ಇದುವರೆಗೆ ನೀನೊಬ್ಬಳೇ.

ಅದನ್ನು ಊಟದ ಮೇಜಿನಲ್ಲಿ ತಿಹೊಗೆ ಓದಿ ಹೇಳಿದೆ. ಸೂಪಿನ ಬಟ್ಟಲಿನಿಂದ ತಲೆಯೆತ್ತಿ, “ಅಂದ್ರೆ ಕೆಟ್ಟದು ಅಂತ ಬರೆದಿಲ್ಲ,” ಅಂದ.

“ಒಳ್ಳೇದು ಅಂತಲೂ ಬರೆದಿಲ್ಲ.”

“ಹಂಗಾದ್ರೆ ಸಮ ಸಮ.” ಮತ್ತೆ ಕೆಮ್ಮಿದ. ಸೂಪು ಬಟ್ಟಲಿನಿಂದ ಚೆಲ್ಲಿತು. ಬಿಲ್ಯಾನಾ ಅದೊಂದು ಆಟವೆಂದುಕೊಂಡು ಅಪ್ಪನ ಹಾಗೇ ಕೆಮ್ಮಿ ತೋರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.

ನಿನಗೆ ಹೇಳಲೇಬೇಕಾದ್ದು ಆಮೇಲೆ ನಡೆಯಿತು.

ಬಿಸಿಲು ಹೆಚ್ಚಾಗಿದೆಯೆಂದು ತಿಹೊ ತನ್ನ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡುತ್ತಾನೆ. ಹಾಲು ತೆಗೆಯಲು ಹೋದವಳಿಗೆ ಅದರಲ್ಲಿ ಬಿಳಿ ಬಿಳಿಯಾಗಿ ಏನೋ ತೇಲುತ್ತಿರುವುದು ಕಂಡಿತು. ಮೊದಲ ಹಿಮ ಬಿದ್ದಂಥ ಸಣ್ಣ ಸಣ್ಣ ಚೂರುಗಳು. ಬಾಟಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಬಿಸಿ ತಾಗಿ ಕರಗಿ ಮಾಯವಾದವು. ಮೇಲೆ ಎಣ್ಣೆಯ ಒಂದು ಪದರ ಉಳಿಯಿತು. ಗುಲಾಬಿ ಎಣ್ಣೆಯಲ್ಲಿ ಮೇಣವಿರುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಅದು ನಿನಗೂ ಗೊತ್ತು, ನನಗೂ ಗೊತ್ತು, ಈ ಊರಿನ ಮಕ್ಕಳಿಗೂ ಗೊತ್ತು. ಹಾಗೆ ಹೆಪ್ಪುಗಟ್ಟದಿದ್ದರೆ ಎಣ್ಣೆ ಅಪ್ಪಟವಲ್ಲ ಎಂದೇ ಇಲ್ಲಿನ ಲೆಕ್ಕ. ಆದರೆ ಒಂದು ತೊಟ್ಟು ಎಣ್ಣೆಗೆ ಅಷ್ಟೊಂದು ಮೇಣ ಬರಲು ಸಾಧ್ಯವಿಲ್ಲ.

ತಿಹೊನನ್ನು ಕೇಳಿದೆ. ಒಂದೇ ತೊಟ್ಟು ಎಂದು ಆಣೆ ಮಾಡಿದ. ಅಲ್ಲೇ ಬೀನ್ಸ್ ಸೋಸುತ್ತಿದ್ದ ಅತ್ತೆ ತಲೆ ಕೂಡ ಎತ್ತದೆ, “ನಾನೇ ಹಾಕ್ತಿದ್ದೀನಿ. ದಿನಾ ಬೆಳಿಗ್ಗೆ,” ಅಂದರು.

“ಏನನ್ನ ಅತ್ತೆ?”

“ಎಣ್ಣೆ. ಎರಡು ತೊಟ್ಟು, ಒಂದೊಂದು ಸಲ ಮೂರು. ಕೆಮ್ತಾ ಇದ್ದಾನಲ್ಲ ಪಾಪ. ಕೆಮ್ಮಿಗೆ.”

“ಅಮ್ಮ, ಎಲ್ಲಿಂದ ತಂದು ಹಾಕ್ತಿದ್ದೀಯ?” ಎಂದು ತಿಹೊ ಕೇಳಿದ. ಈ ವರ್ಷದ ಎಣ್ಣೆಯನ್ನು ಅವನೇ ಅಳೆದು ಬೀಗ ಹಾಕಿಟ್ಟಿದ್ದ.

ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಒಂದು ಮುಸ್ಕಾಲ್ ತಂದರು. ಕೆತ್ತನೆಯ ಮರದ ಕೊಳವೆಯೊಳಗೆ ಗಾಜಿನ ಕುಡಿಕೆ. ಈ ಕಡೆ ಮನೆಯ ಒಳ್ಳೆಯ ಎಣ್ಣೆಯನ್ನು ಅದರಲ್ಲೇ ಇಡುವುದು. ಬಿಲ್ಯಾನಾ ಹುಟ್ಟಿದ ದಿನ ಅವಳ ಮದುವೆಗೆಂದು ಅದನ್ನು ತುಂಬಿಸಿ ಎತ್ತಿಟ್ಟಿದ್ದರು. ಕುಡಿಕೆ ಅರ್ಧ ಖಾಲಿಯಾಗಿತ್ತು.

“ಹುಡುಗಿಗೆ ಇನ್ನೊಂದು ಸಲ ತುಂಬಿದ್ರಾಯ್ತು. ಅಪ್ಪ ಇಲ್ದೆ ಮದ್ವೆ ಮಾಡೋಕಾಗುತ್ತೇನು?” ಅಂದರು.

ಇಸ್ಕ್ರಾ, ನಾನು ಯಾರ ಮೇಲೆ ಕೂಗಾಡಲಿ? ಮೊಮ್ಮಗಳಿಗೆಂದು ಇಟ್ಟದ್ದನ್ನು ತೆಗೆದು ಮಗನ ಕೆಮ್ಮಿಗೆ ಹಾಕಿದ್ದಾರೆ. ಕೆಮ್ಮು ಹೆಚ್ಚಾಯಿತು, ಅದಕ್ಕೆ ಇನ್ನೊಂದು ತೊಟ್ಟು ಹಾಕಿದ್ದಾರೆ. “ಇದು ಶ್ವಾಸಕೋಶಕ್ಕೆ ಒಳ್ಳೇದಲ್ಲ ಅತ್ತೆ,” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎದುರಾಡಿದ್ದರೆ ಬೇಸರವಿರಲಿಲ್ಲ, ನಿಜವಾಗಿಯೂ ಅರ್ಥವಾಗಲಿಲ್ಲ. “ಗುಲಾಬಿ ಯಾರಿಗಾದ್ರೂ ಕೆಟ್ಟದ್ದು ಮಾಡಿದ್ದುಂಟಾ?” ಎಂದು ನನ್ನ ಮುಖವನ್ನೇ ನೋಡಿದರು. ನನ್ನ ಇಂಜಿನಿಯರ್ ಸೊಸೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರು, ಅವತ್ತು ನನಗೇ ಏನೋ ಕಾಯಿಲೆ ಬಂದಿದೆ ಎಂಬ ಹಾಗೆ ನೋಡಿದರು.

ಮರುದಿನ ತಿಹೊನನ್ನು ಡಾಕ್ಟರ್ ಪೆಂಚೆವಾ ಬಳಿಗೆ ಎಳೆದುಕೊಂಡು ಹೋದೆ. ಅವರು, “ಸಿಗರೇಟು ಸೇದ್ತೀರಾ?” ಎಂದು ಕೇಳಿದರು. “ಬಿಟ್ಟು ವರ್ಷ ಆಯ್ತು ಡಾಕ್ಟ್ರೇ,” ಎಂದು ಇವನು ಎದೆಯುಬ್ಬಿಸಿ ಹೇಳಿದ. “ಶಹಬಾಸ್,” ಎಂದು ಅವರು ಬರೆದುಕೊಂಡರು. ನಾನು ನಡುವೆ ಬಾಯಿ ಹಾಕಿ ಪುಟ್ಟ ಭಟ್ಟಿಯ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರ ಪೆನ್ನು ನಿಂತಿತು.

“ಗುಲಾಬಿ ಎಣ್ಣೇನಾ? ನಮ್ಮ ಗುಲಾಬಿ ಎಣ್ಣೇನಾ?”

“ಹೌದು.”

ನಕ್ಕುಬಿಟ್ಟರು. ಆಮೇಲೆ ನಗು ನಿಂತಿತು. ಅವರೂ ಈ ಕಣಿವೆಯವರೇ. ಮೇಜಿನ ಮೇಲೆ ಗುಲಾಬಿ ನೀರಿನ ಸೀಸೆ ಇತ್ತು. “ಹೇಳ್ತೀನಿ ಕೇಳಮ್ಮ. ನಾನು ಓದುವಾಗ ಪುಸ್ತಕದಲ್ಲಿ ಇದು ಇರಲಿಲ್ಲ,” ಅಂದರು.

ಎಕ್ಸ್-ರೇ ತೆಗೆಸಿದರು. ಎರಡೂ ಶ್ವಾಸಕೋಶದ ಕೆಳಭಾಗದಲ್ಲಿ ತೆಳುವಾದ ಮಂಜಿನಂಥದ್ದು ಇದೆ. ಹಳೆಯ ಸಿಗರೇಟಿನದ್ದಿರಬಹುದು, ಚಳಿಗಾಲದ ಜ್ವರದ ಉಳಿಕೆ ಇರಬಹುದು, ಎಣ್ಣೆಯೂ ಇರಬಹುದು. ಯಾವುದು ಎಂದು ಫಿಲ್ಮು ಹೇಳುವುದಿಲ್ಲ ಎಂದರು. “ಒಂದಷ್ಟು ದಿನ ಪೂರ್ತಿ ನಿಲ್ಸಿ ನೋಡಿ. ಕಡಿಮೆ ಆದ್ರೆ ಅದೇ ಕಾರಣ ಅಂತ ಇಟ್ಕೊಳೋಣ.”

ಇಟ್ಕೊಳೋಣ! ಓದಿದವರ ಬಾಯಲ್ಲೂ ಇದೇ ಮಾತು. ಆದರೂ ನಾನು ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ.

ಮನೆಯ ಗೇಟಿನ ಬಳಿ ಬಂದಾಗ ತಿಹೊ ಜೇಬಿನಿಂದ ಯಂತ್ರ ತೆಗೆದು ನನ್ನ ಕೈಯಲ್ಲಿಟ್ಟ. “ತಗೋ. ಈಗಲಾದ್ರೂ ಮಲ್ಕೋ,” ಅಂದ.

ನಿದ್ದೆ ಬರಲಿಲ್ಲ. ಮೇಣ ಅಂಗೈ ಬಿಸಿಗೇ ಕರಗಿತಲ್ಲ, ಹಾಗಾದರೆ ಮೈಯೊಳಗೂ ಕರಗಿಯೇ ಇರುತ್ತದೆ, ಹೆಪ್ಪುಗಟ್ಟುವುದಿಲ್ಲ ಎಂದು ಒಂದು ಗಳಿಗೆ ಸಮಾಧಾನ. ಕರಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ಮರುಗಳಿಗೆ ಭಯ. ನಿನಗೆ ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೂ ಬರೆ.

ನಿನ್ನ
ವೆಲಿನಾ


ಎನಿನಾ
ಜುಲೈ 10

ನನ್ನ ಪ್ರೀತಿಯ ಇಸ್ಕ್ರಾ,

ಮತ್ತೆ ತಡವಾಯಿತು, ಕ್ಷಮಿಸು. ಈ ಸಲ ಹಲ್ಲಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಬಿಲ್ಯಾನಾ ಈಗ ರಾತ್ರಿಯೆಲ್ಲ ಮಲಗುತ್ತಾಳೆ. ನಾನು ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತೇನೆ. ನಿನ್ನ ಅಮ್ಮ ಕೋಲು ಹಿಡಿದು ಮಾರುಕಟ್ಟೆಗೆ ಹೋಗಿಬಂದರೆಂದು ಓದಿ ಖುಷಿಯಾಯಿತು. ಕೋಲಿನಿಂದ ತರಕಾರಿಯವನನ್ನು ಹೆದರಿಸಿದ್ದನ್ನು ಓದಿದಾಗ ಇಲ್ಲಿ ಅತ್ತೆಯೂ ನಕ್ಕರು.

ಮೊದಲು ಸಂತೋಷದ ಸುದ್ದಿ. ತಿಹೊನ ಕೆಮ್ಮು ನಿಂತಿದೆ.

ಒಂದೇ ಸಲಕ್ಕೆ ನಿಲ್ಲಲಿಲ್ಲ. ಮೊದಲ ವಾರ ಇನ್ನೂ ಜೋರಾಗಿ, ಮಾವನ ಕೆಮ್ಮಿನ ಹಾಗೆಯೇ ಕೇಳಿಸುತ್ತಿತ್ತು. ಅತ್ತೆ ಮಧ್ಯೆ ಮಧ್ಯೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದರು. ಆಮೇಲೆ ಕಡಿಮೆಯಾಗುತ್ತ ಬಂತು. ಮೊನ್ನೆ ಎರಡನೇ ಎಕ್ಸ್-ರೇ ಆಯಿತು. ಮಂಜು ತಿಳಿಯಾಗಿದೆ ಎಂದರು ಡಾಕ್ಟರ್ ಪೆಂಚೆವಾ. “ಹಂಗಾದ್ರೆ ಎಣ್ಣೆಯಿಂದಲೇನಾ ಡಾಕ್ಟ್ರೇ?” ಎಂದು ಕೇಳಿದೆ. “ಇರಬಹುದು,” ಎಂದರು. ಜ್ವರದ ಉಳಿಕೆಯಾಗಿದ್ದರೂ ಇಷ್ಟು ಹೊತ್ತಿಗೆ ತಿಳಿಯಾಗುತ್ತಿತ್ತಂತೆ.

ಅತ್ತೆ ಈಗ ಎಲ್ಲರ ಮುಂದೆ, “ನಮ್ಮ ವೆಲಿನಾನೇ ಕಂಡುಹಿಡಿದಳು. ಓದಿದೋಳಲ್ವಾ!” ಎನ್ನುತ್ತಾರೆ. ಆದರೆ ತಾನು ಹಾಕಿದ ತೊಟ್ಟುಗಳ ಬಗ್ಗೆ ಒಂದು ಮಾತೂ ಇಲ್ಲ, ನಾನೂ ಎತ್ತುವುದಿಲ್ಲ. ಒಂದು ದಿನ ಮಾತ್ರ, ಬಟ್ಟೆ ಒಣಹಾಕುತ್ತಿದ್ದಾಗ ಬಂದು, “ಗುಲಾಬಿಯಿಂದ ಅಲ್ಲ ಅಲ್ವಾ ಮಗಳೇ? ಆ ಯಂತ್ರದಿಂದ ತಾನೇ?” ಎಂದು ಕೇಳಿದರು. ಹೌದು ಅತ್ತೆ, ಯಂತ್ರದಿಂದ, ಎಂದೆ. ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ.

ಕೆಮ್ಮು ನಿಲ್ಲುವುದಕ್ಕೆ ಮುಂಚೆ ಮನೆಯಲ್ಲಿ ಒಳ್ಳೆಯ ಕಾಲವೇನೂ ಇರಲಿಲ್ಲ. ಯಂತ್ರವನ್ನು ನನ್ನ ಕೈಗೆ ಕೊಟ್ಟವನು ಮೂರನೆಯ ದಿನಕ್ಕೇ ಮನೆಯೊಳಗೆ ಬೋನಿನಲ್ಲಿದ್ದವನಂತೆ ಓಡಾಡತೊಡಗಿದ. ಬಸ್ಸಿನಲ್ಲಿ ಮುದುಕಿಯೊಬ್ಬಳು ಚಿಲ್ಲರೆ ಎಣಿಸಲು ತಡಮಾಡಿದ್ದಕ್ಕೆ ಕೂಗಾಡಿದನಂತೆ. ಅವನು ಕೂಗಾಡುವವನೇ ಅಲ್ಲ. ಅದಕ್ಕೆ ನಾನೇ, ವಾಸನೆ ರುಚಿ ಏನೂ ಬೆರೆಸದ ದ್ರವವನ್ನಷ್ಟೇ ಸೇದು, ಎಂದೆ. ಎರಡು ದಿನ ಸೇದಿದ. “ನೆನೆಸಿದ ರಟ್ಟನ್ನ ಅಗಿದ ಹಾಗಿದೆ, ವೆಲ್ಯಾ. ಇದಕ್ಕಿಂತ ಉಸಿರಾಡದೇ ಇರೋದೇ ವಾಸಿ,” ಅಂದ.

ಪ್ಲಾಮೆನ್ ಅಂಗಡಿಗೆ ಇಬ್ಬರೂ ಹೋದೆವು. ಅವನು ಬಿಸ್ಕತ್ತಿನದ್ದು ತೋರಿಸಿದ. ನಿನ್ನ ಎರಡನೆಯ ಕಾಗದ ನೆನಪಾಯಿತು. ಬೆಣ್ಣೆಯ ವಾಸನೆ ಬರಲು ಹಾಕುವ ಆ ಪದಾರ್ಥ, ಅದನ್ನು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಉಸಿರಿನ ನಾಳಗಳು ಕಟ್ಟಿಹೋದದ್ದು. ಬೇಡ ಎಂದೆ. ಕೆನೆಯದ್ದು ತೋರಿಸಿದ. ಅದೂ ಅದೇ ಜಾತಿ, ಬೇಡ. ದಾಲ್ಚಿನ್ನಿ? ಉಸಿರುನಾಳದ ಒಳಪದರಕ್ಕೆ ಉರಿ ತರುತ್ತದೆಂದು ಎಲ್ಲೋ ಓದಿದ್ದೆ, ಬೇಡ. ಕಲ್ಲಂಗಡಿ? ಕಲ್ಲಂಗಡಿಯ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲವಾದ್ದರಿಂದಲೇ ಬೇಡ ಎಂದೆ.

“ಅಕ್ಕಾ, ನನ್ ಅಂಗಡಿ ಬಾಗ್ಲು ಹಾಕಿಸ್ತೀರ,” ಅಂದ ಪ್ಲಾಮೆನ್. ನಗುತ್ತಲೇ ಅಂದ. ಆಮೇಲೆ ನಗುವನ್ನು ಬಿಟ್ಟು, “ನನ್ನ ಅಪ್ಪನೂ ಇದರಿಂದಲೇ ಸಿಗರೇಟು ಬಿಟ್ಟಿದ್ದು ಅಕ್ಕಾ. ಕೆನೆದು. ಮೂರು ವರ್ಷ ಆಯ್ತು, ಗುಂಡುಕಲ್ಲಿನ ಹಾಗಿದ್ದಾನೆ,” ಎಂದ.

ತಿಹೊ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ. “ಎಲ್ಲದಕ್ಕೂ ಬೇಡ ಅಂದ್ರೆ ನನಗೆ ಏನು ಉಳೀತು ಹೇಳು?” ಎಂದ. ಜಗಳದ ಧ್ವನಿಯಲ್ಲ. ದಾರಿ ತಪ್ಪಿದವನು ದಾರಿ ಕೇಳಿದ ಹಾಗಿತ್ತು. “ನಾನು ಉಳಿದೆ, ಬಿಲ್ಯಾನಾ ಉಳಿದಳು,” ಎಂದೆ. ಚೆನ್ನಾಗಿ ಹೇಳಿದೆ ಎಂದುಕೊಂಡಿದ್ದೆ. ಅವನು ನನ್ನ ಕೈಯನ್ನು ತಟ್ಟಿ, ಬಸ್ಸು ಬಂತು ಎಂದು ಎದ್ದ.

ಅಂದಿನಿಂದ ಒಂದು ಬಾಟಲಿಯೂ ಮನೆಗೆ ಬಂದಿಲ್ಲ. ಯಂತ್ರ ಡ್ರಾಯರಿನಲ್ಲಿದೆ. ಕೆಮ್ಮಿಲ್ಲ, ಮೆಟ್ಟಿಲ ಮಧ್ಯೆ ನಿಲ್ಲುವುದಿಲ್ಲ, ಮಗಳನ್ನು ಹೆಗಲ ಮೇಲೆ ಹೊತ್ತು ತೋಟದ ತುದಿಯವರೆಗೆ ಹೋಗಿಬರುತ್ತಾನೆ. ನಾನು ಬೇಡಿದ್ದು ಇದೇ ಅಲ್ಲವೇ? ಹಾಗಾದರೆ ಇನ್ನೂ ಯಾಕೆ ಕಿವಿಗೊಟ್ಟು ಮಲಗಿರುತ್ತೇನೆ? ಅತ್ತೆ ಹಾಲಿಗೆ ಜೇನು ಹಾಕಿ ಕೊಡುತ್ತಾರೆ, ನರ ಸಡಿಲವಾಗಿದೆ, ಬಿಸಿಲು ಕಡಿಮೆಯಾದರೆ ಸರಿಹೋಗುತ್ತದೆ ಎನ್ನುತ್ತಾರೆ.

ಇದರ ಜೊತೆ ಅತ್ತೆ ಮಾಡಿದ ಗುಲಾಬಿ ಜಾಮಿನ ಒಂದು ಜಾಡಿ ಕಳಿಸುತ್ತಿದ್ದೇನೆ. ತಿನ್ನಲು, ಹೆದರದೆ ತಿನ್ನು. ಅಮ್ಮನಿಗೂ ಕೊಡು. ಅವರ ಮಂಡಿಗೆ ಬಲ ಬರಲಿ, ನಿನ್ನ ಕೆಲಸ ಚೆನ್ನಾಗಿರಲಿ, ನಿಮ್ಮ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಉಸಿರಾಡುವಂತಾಗಲಿ. ಬಿಲ್ಯಾನಾ ನಿನ್ನ ಫೋಟೋಕ್ಕೆ ಮುತ್ತು ಕೊಟ್ಟು ಗಾಜು ಒದ್ದೆ ಮಾಡಿದ್ದಾಳೆ.

ನಿನ್ನ ಪ್ರೀತಿಯ
ವೆಲಿನಾ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ತಿಹೊ ಮತ್ತೆ ಸಿಗರೇಟು ಸೇದುತ್ತಿದ್ದಾನೆ. ಪ್ಲಾಮೆನ್ ಅಂಗಡಿಯಿಂದ ಬರಿಗೈಲಿ ಬಂದ ದಿನದಿಂದಲೇ. ನಮ್ಮ ಮಾವ ಸೇದುತ್ತಿದ್ದ ಬ್ರ್ಯಾಂಡೇ. ಕದ್ದುಮುಚ್ಚಿ ಸೇದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಎಲ್ಲರ ಎದುರೇ ಕೂತು ಸೇದುತ್ತಾನೆ. ನಾನು ಮಗುವನ್ನು ಎತ್ತಿಕೊಂಡು ಹೋಗಿ ಎದುರಿಗೆ ನಿಂತೆ. ಹೊಗೆ ಮಗುವಿನ ಕಡೆ ಬಾರದಂತೆ ಮುಖ ತಿರುಗಿಸಿಕೊಂಡು ಅವನೇ ಅಂದ: “ಇದರ ಬಗ್ಗೆ ನೀನು ಯಾರಿಗೂ ಕಾಗದ ಬರೆದು ಕೇಳಬೇಕಾಗಿಲ್ಲ, ವೆಲ್ಯಾ. ಏನು ಮಾಡುತ್ತೆ ಅಂತ ನಮಗೆಲ್ಲ ಗೊತ್ತು. ಅಪ್ಪನ್ನ ನೋಡಿದ್ದೀವಲ್ಲ.” ಕುಹಕವಾಗಿ ಹೇಳಲಿಲ್ಲ. ನನಗೆ ಸಮಾಧಾನ ಹೇಳುವವನ ಹಾಗೆ ಹೇಳಿದ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬೂದಿ ಉದುರಿಸಲು ಒಂದು ತಟ್ಟೆ ತಂದು ಅವನ ಮೊಣಕೈ ಬಳಿ ಇಟ್ಟು, ನನ್ನ ಮುಖ ನೋಡದೆ, “ಕೆಮ್ಮಂತೂ ಇಲ್ಲ,” ಎಂದು ಹೋದರು.

ಗೊತ್ತಿಲ್ಲದ್ದೊಂದಕ್ಕೆ ನಾನು ಇಷ್ಟು ಹೆದರಿದೆ. ಗೊತ್ತಿದ್ದದ್ದು ವಾಪಸು ಬಂದು ಅಂಗಳದಲ್ಲಿ ಕೂತಿದೆ. ಈಗ ನಾನೇ ಪೇಟೆಗೆ ಹೋಗಿ ಆ ಕೆನೆಯದ್ದನ್ನೋ, ಕಲ್ಲಂಗಡಿಯದ್ದನ್ನೋ ತಂದು, ಇದನ್ನು ಸೇದು, ನಿನ್ನ ಕಾಲಿಗೆ ಬೀಳುತ್ತೇನೆ, ಸೇದು ಎಂದು ಅವನ ಕೈಗಿಡಲೇ? ನಿಮ್ಮ ಕಾರ್ಖಾನೆ ಏನು ಹೇಳುತ್ತದೆ ಎಂದು ಬರೆಯಬೇಡ. ನೀನು ಹೇಳು, ಇಸ್ಕ್ರಾ. ಹೌದು ಅಂದರೂ ನಂಬುತ್ತೇನೆ, ಬೇಡ ಅಂದರೂ ನಂಬುತ್ತೇನೆ. ಇದು ಕೈಸೇರಿದ ಕೂಡಲೇ ಕರೆ ಮಾಡು. ಬಿಲ್ಯಾನಾ ಮಲಗಿರುವ ಹೊತ್ತಾದರೂ ಸರಿ, ಎದ್ದರೆ ಏಳಲಿ, ಮಾಡು.